ಉಡುಗೆ ಬೇರೆ, ತೊಡುಗೆ ಬೇರೆ

ಮೈಮೇಲಿನ ಬಟ್ಟೆಯ ವಿಷಯದಲ್ಲಿ ಕನ್ನಡ ಬಹಳ ಕಟ್ಟುನಿಟ್ಟಿನ ಭಾಷೆ. ಧೋತರವನ್ನು ಉಡುತ್ತೇವೆ, ಅಂಗಿಯನ್ನು ತೊಡುತ್ತೇವೆ, ಶಾಲನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ. ಯಾರಾದರೂ ಧೋತರವನ್ನು ತೊಟ್ಟೆನೆಂದೋ ಅಂಗಿಯನ್ನು ಉಟ್ಟೆನೆಂದೋ ಹೇಳಿದ್ದರೆ ನಮ್ಮ ಹಿರಿಯರು ಅವನನ್ನು ಪರಭಾಷೆಯವನೆಂದು ತಿಳಿಯುತ್ತಿದ್ದರು. ಈಗ ‘ಹಾಕಿಕೊಳ್ಳು’ ಎಂಬ ಒಂದೇ ಕ್ರಿಯಾಪದ ಇವೆಲ್ಲವನ್ನೂ ನುಂಗಿ ಕೂತಿದೆ. ಆದರೂ ‘ಉಡುಗೆ ತೊಡುಗೆ’ ಎಂಬ ಜೋಡುಪದವನ್ನು ನಾವಿನ್ನೂ ಬಿಟ್ಟಿಲ್ಲ. ಉಡುವುದು ಹೊಲಿಗೆ ಕಾಣದ ಅರಿವೆ. ಸೊಂಟಕ್ಕೆ ಸುತ್ತಿ, ನಿರಿಗೆ ಹಿಡಿದು, ಕಚ್ಚೆ ಸಿಕ್ಕಿಸಿದರೆ ಅದು ನಿಲ್ಲುತ್ತದೆ. ತೊಡುವುದು ಕತ್ತರಿ ಸೂಜಿಗಳನ್ನು ಹಾಯ್ದುಬಂದ ವಸ್ತು. ಅದರೊಳಗೆ ಕೈ ತೂರಿಸಬೇಕು, ತಲೆ ತೂರಿಸಬೇಕು. ಈ ಎರಡೂ ಒಂದೇ ಮೈಮೇಲೆ ಹೇಗೆ ಕೂಡಿ ಬಾಳಿದವು ಎಂಬುದೇ ನಮ್ಮ ಗಂಡಸರ ಪೋಷಾಕಿನ ಚರಿತ್ರೆಯೆಂದು ನಾನು ತಿಳಿದಿದ್ದೇನೆ.

ಈ ಚರಿತ್ರೆಯನ್ನು ಸಾಮಾನ್ಯವಾಗಿ ಬೇರೆ ರೀತಿಯಲ್ಲಿ ಹೇಳುವ ವಾಡಿಕೆಯಿದೆ. ಹೊಲಿಯದ ಬಟ್ಟೆ ನಮ್ಮದು, ಹೊಲಿದ ಬಟ್ಟೆ ಹೊರಗಿನವರದು. ಮೊದಲು ಮುಸಲ್ಮಾನ ದೊರೆಗಳು, ಆಮೇಲೆ ಇಂಗ್ಲಿಷರು ಅದನ್ನು ತಂದರು ಎಂದು. ಇದಕ್ಕೆ ಆಧಾರವಾಗಿ ಹ್ಯೂಯೆನ್‌ತ್ಸಾಂಗನನ್ನು ಕರೆತರುತ್ತಾರೆ. 7ನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ನೋಡಿ ಹೋದ ಆ ಚೀನೀ ಯಾತ್ರಿಕ, ಭಾರತೀಯರ ಬಟ್ಟೆ ಕತ್ತರಿಸಿ ಹೊಲಿದುದಲ್ಲವೆಂದು ಬರೆದದ್ದು ನಿಜ. ಆದರೆ ಚಳಿ ಹೆಚ್ಚಾದ ಉತ್ತರದ ಸೀಮೆಗಳಲ್ಲಿ ಗಿಡ್ಡನೆಯ, ಮೈಗೆ ಹತ್ತಿದ ಉಡುಪು ಇತ್ತೆಂಬುದನ್ನೂ ಅವನೇ ಹೇಳಿದ್ದಾನೆ. ಅವನಿಗಿಂತ ನೂರು ವರ್ಷ ಹಿಂದಿನ ವರಾಹಮಿಹಿರ, ಸೂರ್ಯನ ವಿಗ್ರಹಕ್ಕೆ ಉತ್ತರದೇಶದವರ ವೇಷವಿರಬೇಕೆಂದು ವಿಧಿಸಿದ. ಎಂದ ಮೇಲೆ ಹೊಲಿದ ಉಡುಪನ್ನು ನಮ್ಮವರು ಬಲ್ಲರು; ಸೆಕೆಯ ನಾಡಿನಲ್ಲಿ ದಿನದಿನಕ್ಕೆ ಅದು ಬೇಕಾಗಿರಲಿಲ್ಲ, ಅಷ್ಟೇ.

ನಮ್ಮ ಭಾಷೆಯ ಸಾಕ್ಷ್ಯವೂ ಹೀಗೆಯೇ ಇದೆ. ಹೊಲಿಗೆಯವನಿಗೆ ‘ಚಿಪ್ಪಿಗ’ ಎಂಬ ಹಳೆಯ ಮಾತು ಕನ್ನಡದಲ್ಲಿದೆ. ನಮ್ಮ ಕಡೆಯ ‘ಸಿಂಪಿಗ’ ಅದರ ಬಳಗದವನೇ. ಕಂಚುಕ, ಕುಪ್ಪಸಗಳು ಹಳಗನ್ನಡಕ್ಕೆ ಅಪರಿಚಿತವಲ್ಲ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದ. ಹೆಸರಿನಲ್ಲೇ ಅವನ ವೃತ್ತಿಯಿದೆ. ಅದೇ ಶತಮಾನದ ಮೊದಲ ಭಾಗದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಸ್ತ್ರೋಪಭೋಗವೆಂಬ ಭಾಗವೇ ಇದೆ, ಅರಸನಾದವನು ಯಾವ ಋತುವಿನಲ್ಲಿ ಎಂಥ ವಸ್ತ್ರವನ್ನು ಧರಿಸಬೇಕೆಂಬ ವಿಚಾರ ಅಲ್ಲಿ ಬರುತ್ತದೆ. ಇನ್ನು ಕಸುಬಿನ ಶಬ್ದಗಳನ್ನು ನೋಡಿದರೆ ಇಡೀ ಲೋಕವೇ ದರ್ಜಿಯ ಅಂಗಡಿಯಲ್ಲಿ ಕೂತಂತೆ ಕಾಣುತ್ತದೆ. ‘ಹೊಲಿ’ ಅಚ್ಚಗನ್ನಡ, ಸೂಜಿ ಕತ್ತರಿಗಳು ಸಂಸ್ಕೃತದಿಂದ ಬಂದವು, ದರ್ಜಿ ಪಾರಸಿ, ಕಿಸೆಯೂ ಆ ಕಡೆಯದೇ, ಗುಂಡಿ ತೂರಿಸುವ ಕಾಜಾ ಪೋರ್ತುಗೀಜರದು, ಕೋಟು ಇಂಗ್ಲಿಷರದು. ರುಮಾಲಿನ ಕಥೆಯಂತೂ ತಮಾಷೆಯದು. ಪಾರಸಿಯಲ್ಲಿ ಅದು ಮುಖ ಒರೆಸುವ ಚೌಕ. ಧಾರವಾಡ ಸೀಮೆಗೆ ಬಂದು ತಲೆಯನ್ನೇರಿ ಮರ್ಯಾದೆಯ ಗುರುತಾಯಿತು.

ಹಾಗಾದರೆ ಬದಲಾಗುತ್ತ ಬಂದದ್ದು ಯಾವುದು? ಯಾರ ಮುಂದೆ ನಿಂತಾಗ ಯಾವುದರ ಜೊತೆಗೆ ಯಾವುದನ್ನು ಧರಿಸಬೇಕು ಎಂಬ ಕಟ್ಟಳೆ. ಇದರ ಅತ್ಯುತ್ತಮ ನಿದರ್ಶನ ವಿಜಯನಗರದಲ್ಲಿ ದೊರೆಯುತ್ತದೆ. ಸುಮಾರು 1520ರಲ್ಲಿ ಅಲ್ಲಿಗೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್, ಚಿನ್ನದ ಗುಲಾಬಿಗಳನ್ನು ಕಸೂತಿಮಾಡಿದ ಬಿಳಿಯ ಬಟ್ಟೆಯಲ್ಲಿ, ಜರತಾರಿ ಟೊಪ್ಪಿಗೆಯಲ್ಲಿ ಕೃಷ್ಣದೇವರಾಯನನ್ನು ಕಂಡ. ಆ ಎತ್ತರದ ಟೊಪ್ಪಿಗೆ ‘ಕುಲ್ಲಾಯಿ’, ಪಾರಸಿಯ ಕುಲಾಹ್. ಅದರ ಜೊತೆಗಾರ ‘ಕಬಾಯಿ’, ಅರಬ್ಬರ ಕಬಾ ಎಂಬ ನಿಲುವಂಗಿ. ಬಹಮನಿ ಸುಲ್ತಾನರೊಡನೆ ತಲೆಮಾರುಗಳ ಕಾಲ ಕಾದಾಡಿದ ಅರಸುಮನೆತನಗಳು, ಪರದೇಶದ ರಾಯಭಾರಿಗಳು ಬಂದು ಕೂಡುವ ಸಭೆಯಲ್ಲಿ ಸುಲ್ತಾನರ ಉಡುಪನ್ನು ಯಾವ ಸಂಕೋಚವೂ ಇಲ್ಲದೆ ತೊಟ್ಟವು. ಪಶ್ಚಿಮ ಏಷ್ಯದಿಂದ ದಖ್ಖನದವರೆಗೆ ಆ ಕಾಲದ ದೊರೆಗಳ ಸಭಾಮರ್ಯಾದೆ ಅದಾಗಿತ್ತು.

ಅದೇ ಕೃಷ್ಣದೇವರಾಯನನ್ನು ತಿರುಮಲೆಯ ದೇವಾಲಯದಲ್ಲಿ ನೋಡಬೇಕು. ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಅವನ ಲೋಹದ ಪ್ರತಿಮೆ ಅಲ್ಲಿದೆ. ಸೊಂಟದ ಕೆಳಗೆ ಉಟ್ಟ ವಸ್ತ್ರ. ಎದೆಯ ಮೇಲೆ ಹಾರಗಳ ಹೊರತು ಬೇರೇನೂ ಇಲ್ಲ. ತಲೆಯ ಮೇಲೆ ಮಾತ್ರ ಅದೇ ಕುಲ್ಲಾಯಿ. ಸಭೆಯ ನಿಲುವಂಗಿಯನ್ನು ಕಳಚಿಟ್ಟು ಬಂದವನು ಟೊಪ್ಪಿಗೆಯನ್ನು ಏಕೆ ಉಳಿಸಿಕೊಂಡ? ದೇವರ ಮುಂದೆ ಭಕ್ತನಾಗಿ ಬರಿಮೈಯಲ್ಲಿ ನಿಲ್ಲಬೇಕು, ನೋಡುವ ಜನಕ್ಕೆ ಇವನು ರಾಯನೆಂದೂ ತಿಳಿಯಬೇಕು. ಆ ಎರಡು ಮಾತನ್ನೂ ಒಂದೇ ಪ್ರತಿಮೆಯಿಂದ ಆಡಿಸಿದ ಶಿಲ್ಪಿ ಬಹಳ ಜಾಣನಿರಬೇಕು. ಹೊಲಿದದ್ದು ಸಭೆಗೆ, ಹೊಲಿಯದ್ದು ಮಡಿಗೆ ಎಂಬ ಈ ಭೇದ ಇವತ್ತಿಗೂ ಸತ್ತಿಲ್ಲ. ಅಂಗಿ ಬನಿಯನ್ನು ತೆಗೆದು ಒಳಗೆ ಬರಬೇಕೆಂಬ ನಿಯಮ ಕರಾವಳಿಯ ಅನೇಕ ದೇವಾಲಯಗಳಲ್ಲಿದೆ.

ವಿಜಯನಗರದ ನಂತರ ನಮ್ಮ ನವಲಗುಂದ ಸೀಮೆ ಆದಿಲಶಾಹಿಯನ್ನು, ಮರಾಠರನ್ನು ಕಂಡಿತು. ಆ ಕಾಲದ ಮೇಲುಡುಪು ಗುಂಡಿಯಿಲ್ಲದ್ದು, ಕಸೆ ಕಟ್ಟುವಂಥದ್ದು. ಹನ್ನೆರಡು ಕಸೆಗಳಿದ್ದುದರಿಂದಲೇ ಮರಾಠಿಯಲ್ಲಿ ಅದಕ್ಕೆ ಬಾರಾಬಂದಿಯೆಂದು ಹೆಸರು. ಕಸೆಯನ್ನು ಎಡಗಡೆ ಕಟ್ಟಿದರೆ ಹಿಂದು, ಬಲಗಡೆ ಕಟ್ಟಿದರೆ ಮುಸಲ್ಮಾನ ಎಂಬ ಗುರುತು ಮೊಗಲರ ಆಸ್ಥಾನದ ಕಾಲದಿಂದ ಬಂದದ್ದು. ಎದೆಯ ನಟ್ಟನಡುವೆ ಗುಂಡಿ ಬಂದ ಮೇಲೆ ಆ ಗುರುತಿಗೆ ಜಾಗವೇ ಇಲ್ಲದಂತಾಯಿತು. ನನ್ನ ಊರು ಯಮನೂರು. ಬೆಣ್ಣಿಹಳ್ಳದ ದಂಡೆಯ ಈ ಊರಿನಲ್ಲಿ ಹಿಂದುಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗಸವಾರನೆಂದೂ ನಡೆದುಕೊಳ್ಳುವ ದರ್ಗಾ ಇದೆ. ಬೇಸಗೆ ಮೊದಲಾಗುವ ಹೊತ್ತಿಗೆ ನಡೆಯುವ ಉರುಸಿಗೆ ನಾನು ಹುಡುಗನಾಗಿದ್ದಾಗ ಬರುತ್ತಿದ್ದ ಒಕ್ಕಲಿಗರೆಲ್ಲ ಒಂದೇ ಬಗೆಯ ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ರುಮಾಲು ಅಥವಾ ಟೊಪ್ಪಿಗೆಯವರು. ಬಟ್ಟೆಯಿಂದ ಇವನು ಯಾವ ದೇವರ ಹೆಸರು ಹಿಡಿದು ಬಂದನೆಂದು ಹೇಳುವುದು ಸುಲಭವಿರಲಿಲ್ಲ.

ಆ ಹಳೆಯ ಅಂಗಿಯನ್ನು ಕತ್ತರಿಸುತ್ತಿದ್ದ ರೀತಿಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಕೋಟಿನ ಗುಟ್ಟು ತಿಳಿಯುವುದು ಅದರಿಂದ. ಕೈಮಗ್ಗದ ಅರಿವೆಗೆ ಅಗಲ ಕಡಿಮೆ. ನೇಯ್ದವನ ಶ್ರಮ ಕಣ್ಣಮುಂದೆಯೇ ಇದ್ದುದರಿಂದ ಒಂದು ತುಂಡನ್ನೂ ಬಿಸಾಡಲು ಮನಸ್ಸು ಬಾರದು. ಹೀಗಾಗಿ ಅಂಗಿಯ ಭಾಗಗಳೆಲ್ಲ ನೇರ ಪಟ್ಟಿಗಳು: ಮೈಗೊಂದು, ತೋಳಿಗೆರಡು. ಕೈ ಎತ್ತಿದಾಗ ಹರಿಯದಿರಲೆಂದು ಕಂಕುಳಲ್ಲಿ ಒಂದು ಚೌಕದ ತುಂಡು. ಬಿತ್ತುವವನಿಗೆ, ರಾಶಿಮಾಡುವವನಿಗೆ ಇದಕ್ಕಿಂತ ಹಿತವಾದ ಉಡುಪಿಲ್ಲ. ಯುರೋಪಿನ ಕೋಟು ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಬಟ್ಟೆಯನ್ನು ಕಮಾನಿನಂತೆ ಬಾಗಿಸಿ ಕತ್ತರಿಸುತ್ತಾರೆ, ಹೆಗಲಿಗೆ ಒಳಗಿಂದ ದಪ್ಪ ಅರಿವೆ ಕೊಟ್ಟು ಆಕಾರ ನಿಲ್ಲಿಸುತ್ತಾರೆ. ಚೂರು ಬಹಳ ಹಾಳಾಗುತ್ತದೆ. ಅಗಲವಾದ ಗಿರಣಿಯ ಬಟ್ಟೆ ಮತ್ತು ಹೊಲಿಗೆಯ ಯಂತ್ರ, ಈ ಎರಡೂ ಬರುವವರೆಗೆ ಕೋಟು ಸಾಮಾನ್ಯನ ಕೈಗೆ ಎಟುಕುವಂತಿರಲಿಲ್ಲ. ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟು ಪಡೆದದ್ದು 1851ರಲ್ಲಿ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡದ ಹತ್ತಿಗೆ ಕಂಡರಿಯದ ಬೆಲೆ ಬಂದಿತ್ತು. ನಮ್ಮ ಎರೆಹೊಲದ ಹತ್ತಿ ಹಡಗು ಹತ್ತಿ ಹೋಗಿ, ಗಿರಣಿಯ ಬಟ್ಟೆ ಅದೇ ದಾರಿಯಲ್ಲಿ ಬಂದು ಹಳ್ಳಿಯ ಸಂತೆಗಳನ್ನು ಮುಟ್ಟಿತು.

ಕೋಟು ಬಂದಾಗ ಧೋತರ ಹೋಯಿತೆ? ಇಲ್ಲ. ಇಲ್ಲಿಯೇ ನಮ್ಮವರ ವಿವೇಚನೆ ಕಾಣುವುದು. ಕೊರಳವರೆಗೆ ಗುಂಡಿ ಹಾಕುವ ಮುಚ್ಚುಗಂಟಲಿನ ಕೋಟನ್ನು ಆರಿಸಿಕೊಂಡರು. ಅದರೊಳಗೆ ಅಂಗಿ ಹಳೆಯದಿದ್ದರೂ ಹರಿದಿದ್ದರೂ ನಡೆಯುತ್ತದೆ, ಟೈ ಬೇಡ. ಕೆಳಗೆ ಕಚ್ಚೆ ಧೋತರ, ತಲೆಗೆ ರುಮಾಲು ಇದ್ದಂತೆಯೇ ಉಳಿದವು. ನನ್ನ ಅಜ್ಜನ ಕರಿಯ ಕೋಟು ವರ್ಷದ ಮುನ್ನೂರು ದಿನ ಗೂಟದ ಮೇಲೆಯೇ ಇರುತ್ತಿತ್ತು. ಮದುವೆಗೆ, ನವಲಗುಂದದ ಮಾಮಲೇದಾರ ಕಚೇರಿಗೆ ಹೋಗುವಾಗ ಮಾತ್ರ ಕೆಳಗಿಳಿಯುತ್ತಿತ್ತು. ಕೋಟಿನಿಂದ ಅವನಿಗೆ ದೊರೆತ ನಿಜವಾದ ಲಾಭ ಒಳಕಿಸೆ. ಧೋತರಕ್ಕೆ ಕಿಸೆಯಿಲ್ಲ, ಸೊಂಟದ ಗಂಟಿನಲ್ಲಿ ರೊಕ್ಕ ಉಳಿದೀತು, ಪಹಣಿಪತ್ರ ಮುದುಡಿ ಹೋದೀತು. ಕಾಗದದ ಮೇಲೆ ಆಳುವ ಸರಕಾರಕ್ಕೆ ಕಾಗದವಿಡುವ ಉಡುಪೇ ಬೇಕಲ್ಲವೆ!

ಮೈಸೂರಿನವರು ಇನ್ನೊಂದು ಬಗೆಯಲ್ಲಿ ಹೊಂದಿಸಿಕೊಂಡರು. ಅಲ್ಲಿಯ ದರ್ಬಾರಿನ ಉಡುಪು ಕರಿಯ ನಿಲುವುಕೋಟು, ಬಿಳಿಯ ಶರಾಯಿ, ಜರಿಯ ಪೇಟ. ವಿಶ್ವೇಶ್ವರಯ್ಯನವರು ಕೋಟು, ಪ್ಯಾಂಟು, ಟೈ ಎಲ್ಲವನ್ನೂ ಯುರೋಪಿನಂತೆ ತೊಟ್ಟು ತಲೆಗೆ ಮಾತ್ರ ಮೈಸೂರು ಪೇಟವನ್ನು ಉಳಿಸಿಕೊಂಡ ಚಿತ್ರ ಎಲ್ಲರ ಕಣ್ಣಮುಂದಿದೆ. ಕೊಡಗಿನಲ್ಲಿ ಕುಪ್ಯದ ಮೇಲೆ ಕೆಂಪು ರೇಷ್ಮೆಯ ಚೇಲೆ ಬಿಗಿದು ಪೀಚೆಕತ್ತಿ ಸಿಕ್ಕಿಸಿದರೇ ಆ ಉಡುಪು ಪೂರ್ತಿಯಾದಂತೆ. ಮುಂಬಯಿ ಪ್ರಾಂತದಲ್ಲಿದ್ದ ನಾವು ಪುಣೆಯ ಕಡೆ ಮುಖಮಾಡಿದ್ದೆವು.

ತಲೆ ಮತ್ತು ಕಾಲು, ಈ ಎರಡರಲ್ಲಿ ಇಂಗ್ಲಿಷರಿಗೂ ನಮಗೂ ತಾಳೆಯಾಗಲೇ ಇಲ್ಲ. ಅವರು ಗೌರವಕ್ಕೆ ಟೊಪ್ಪಿಗೆ ತೆಗೆಯುವವರು, ಬೂಟು ಬಿಡರು. ನಾವು ಪಾದರಕ್ಷೆ ಬಿಡುವವರು, ತಲೆ ಬರಿದುಮಾಡೆವು. ಬರಿತಲೆ ನಮ್ಮಲ್ಲಿ ಸೂತಕದ ಗುರುತು. 1854ರಲ್ಲಿ ಗವರ್ನರ್ ಜನರಲ್ಲರ ಸರಕಾರ, ಯುರೋಪಿನ ಬೂಟು ಕಾಲುಚೀಲ ಧರಿಸಿದ ದೇಶೀಯರು ಅವುಗಳೊಡನೆಯೇ ಸರಕಾರಿ ಸಮಾರಂಭಗಳಿಗೆ ಬರಬಹುದೆಂದು ಠರಾವು ಮಾಡಿತು. ದೇಶೀ ಜೋಡು ಮೆಟ್ಟಿದವನು ಮಾತ್ರ ಬಾಗಿಲಲ್ಲಿ ಬಿಡಲೇಬೇಕು. ಬೂಟಿನ ಅಂಗಡಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಡ.

ಇಷ್ಟು ಹೇಳಿದ ಮೇಲೆ ಹಳೆಯ ಉಡುಗೆ ಹೋಯಿತಲ್ಲ ಎಂದು ಮರುಗುವವರ ಸಾಲಿನಲ್ಲಿ ನನ್ನನ್ನು ಸೇರಿಸಬೇಡಿ. ಆ ಬಿಳಿಯ ಧೋತರ, ಆ ದೊಡ್ಡ ರುಮಾಲು ಎಲ್ಲರಿಗೂ ಇದ್ದವೆ ಎಂದು ಮೊದಲು ಕೇಳಬೇಕು. ಅಸ್ಪೃಶ್ಯರೆನಿಸಿಕೊಂಡವರು ಮಡಿಕೆ ಮುರಿಯದ ಧೋತರವುಟ್ಟು, ಪಾದರಕ್ಷೆ ಮೆಟ್ಟಿ, ತಲೆಗೆ ಒಳ್ಳೆಯ ರುಮಾಲು ಸುತ್ತಿ ಮೇಲುಕೇರಿಯಲ್ಲಿ ನಡೆಯುವುದನ್ನು ಸಹಿಸದ ಊರುಗಳು ಎಷ್ಟೋ ಇದ್ದವು. ಉಡುವುದಕ್ಕೂ ಸುತ್ತುವುದಕ್ಕೂ ಊರಿನ ಅಪ್ಪಣೆ ಬೇಕಾಗಿತ್ತು. ಹೊಸದಾಗಿ ಬಂದ ಕೋಟಿಗೆ, ಪ್ಯಾಂಟಿಗೆ ಹಳೆಯ ಕಟ್ಟಳೆಯಲ್ಲಿ ಜಾಗವೇ ಇರಲಿಲ್ಲ. ಅದನ್ನು ಯಾರು ತೊಡಬಾರದೆಂದು ಯಾವ ಅಜ್ಜನೂ ಹೇಳಿಹೋಗಿರಲಿಲ್ಲ. 1929ರಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ಧಾರವಾಡದಲ್ಲಿ ವಸತಿಗೃಹವನ್ನು ನಡೆಸಲು ಕಾರಣರಾದ ಅಂಬೇಡ್ಕರರು ಸೂಟು ಬೂಟಿನಲ್ಲಿಯೇ ಏಕೆ ಇದ್ದರೆಂಬುದನ್ನು ಈ ಬೆಳಕಿನಲ್ಲಿ ನೋಡಬೇಕು. 1931ರಲ್ಲಿ ಲಂಡನ್ನಿನ ಎರಡನೆಯ ದುಂಡುಮೇಜಿನ ಪರಿಷತ್ತಿನಲ್ಲಿ ಗಾಂಧೀಜಿ ತುಂಡುಧೋತರದಲ್ಲಿ, ಅಂಬೇಡ್ಕರರು ಚೆನ್ನಾಗಿ ಹೊಲಿದ ಸೂಟಿನಲ್ಲಿ ಕುಳಿತಿದ್ದರು. ಒಬ್ಬರು ಬಡವರ ಜೊತೆ ನಿಲ್ಲಲು ಬಟ್ಟೆ ಬಿಟ್ಟವರು. ಇನ್ನೊಬ್ಬರ ಜನರಿಗೆ ಬಿಡಲು ಬಟ್ಟೆಯೇ ಇರಲಿಲ್ಲ. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಅಂಗಿ ಬಿಟ್ಟ ಗಾಂಧೀಜಿಯೇ, ಮುಂದೆ 1924ರಲ್ಲಿ ಯಂತ್ರಗಳ ಮಾತು ಬಂದಾಗ, ಮನುಷ್ಯ ಕಂಡುಹಿಡಿದ ಕೆಲವೇ ಉಪಯುಕ್ತ ವಸ್ತುಗಳಲ್ಲಿ ಹೊಲಿಗೆಯ ಯಂತ್ರವೂ ಒಂದೆಂದರು ಎಂಬುದನ್ನು ನಮ್ಮ ಖಾದೀಪ್ರಿಯರು ಅಷ್ಟಾಗಿ ನೆನೆಯುವುದಿಲ್ಲ.

ಸ್ವಾತಂತ್ರ್ಯದ ನಂತರದ ಕಥೆ ಕೇಳುಗರಿಗೆ ಗೊತ್ತಿದ್ದದ್ದೇ. ಬಿಳಿ ಟೊಪ್ಪಿಗೆಯೊಡನೆ ನೆಹರು ಶರ್ಟು ಹಳ್ಳಿಯ ಹಿರಿಯರ ಉಡುಪಾಯಿತು. ಶಾಲೆಗೆ ಹೋದ ನಾವು ಖಾಕಿ ಚಡ್ಡಿಯವರಾದೆವು. 1970ರ ದಶಕದಲ್ಲಿ ಟೆರಿಕಾಟು, ಸಫಾರಿ ಬಂದವು. ನಿರಿಗೆ ಹಿಡಿಯುವ ತಾಳ್ಮೆ ಹೋಯಿತು. ಸಿದ್ಧ ಉಡುಪು ಬಂದ ಮೇಲೆ ಅಳತೆಗೆ ಮೈಯೊಡ್ಡಿ ನಿಲ್ಲುವುದೂ ತಪ್ಪಿತು. ನಮ್ಮ ಊರುಗಳಲ್ಲಿ ದರ್ಜಿಗೆ ಈಗ ಹೆಚ್ಚಾಗಿ ಉಳಿದಿರುವುದು ಪ್ಯಾಂಟಿನ ಉದ್ದ ಕಡಿಮೆ ಮಾಡುವ ಕೆಲಸ.

ಉಡುವ ಬಟ್ಟೆ ಹೀಗೆ ಹಿಂದೆ ಸರಿದರೂ ಹೊದೆಯುವ ಬಟ್ಟೆ ಸರಿಯಲಿಲ್ಲ. ಸೂಟು ತೊಟ್ಟ ಅತಿಥಿಗೂ ಶಾಲು ಹೊದಿಸಿದ ಹೊರತು ನಮ್ಮಲ್ಲಿ ಸನ್ಮಾನ ಮುಗಿಯದು. ನವಲಗುಂದ ಸೀಮೆಯಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಬಂತು. ಮಲಪ್ರಭಾ ಅಚ್ಚುಕಟ್ಟಿನ ಕರಭಾರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರು ನಡೆದು ಪ್ರಾಣಗಳು ಹೋದವು. ಆ ಬಳಿಕ ಬೆಳೆದ ರೈತ ಚಳವಳಿ ಹೆಗಲ ಮೇಲಿನ ಹಸಿರು ಶಾಲನ್ನು ತನ್ನ ಗುರುತಾಗಿ ಮಾಡಿಕೊಂಡಿತು. ಪ್ರತಿ ವರ್ಷ ಆ ದಿನ ನವಲಗುಂದದಲ್ಲಿ ಹುತಾತ್ಮರಿಗೆ ನಮಿಸಲು ಸೇರುವವರಲ್ಲಿ ಧೋತರ ಉಟ್ಟ ಮುದುಕರು ಈಗ ಬೆರಳೆಣಿಕೆಯಷ್ಟು. ಉಳಿದವರೆಲ್ಲ ಪ್ಯಾಂಟು ಶರ್ಟಿನವರು, ಜೀನ್ಸಿನವರು. ಹೆಗಲ ಮೇಲಿನ ಹಸಿರು ಶಾಲು ಮಾತ್ರ ಎಲ್ಲರದೂ ಒಂದೇ, ಸೂಜಿ ತಾಕದ್ದು.