ಚುಚ್ಚಿಸಿಕೊಳ್ಳದ 64 ಜನ

1898ರ ಫೆಬ್ರವರಿ. ಬರೋಡಾ ಪಕ್ಕದ ಉಂಧೇರಾ ಅನ್ನೋ ಹಳ್ಳಿ. ಸುಮಾರು ಸಾವಿರ ಜನ ಇರುವ ಊರು. ಊರಿಗೆ ಪ್ಲೇಗ್ ಕಾಲಿಟ್ಟಿತ್ತು. ಅಲ್ಲಿಗೆ ಬಂದ ವೈದ್ಯರ ತಂಡ ಒಂದು ವಿಚಿತ್ರ ಕೆಲಸ ಮಾಡಿತು. ಒಂದೊಂದು ಮನೆಯವರನ್ನೂ ಎರಡು ಪಾಲು ಮಾಡಿತು. ಒಂದು ಪಾಲಿಗೆ ಲಸಿಕೆ ಚುಚ್ಚಿತು. ಇನ್ನೊಂದು ಪಾಲನ್ನು ಹಾಗೇ ಬಿಟ್ಟಿತು. ಅಂದ್ರೆ ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಅಡುಗೆ ಉಂಡು ಮಲಗುವವರಲ್ಲಿ ಕೆಲವರಿಗೆ ರಕ್ಷಣೆ, ಕೆಲವರಿಗೆ ಇಲ್ಲ.

ಆಮೇಲೆ ಪ್ಲೇಗ್ ನುಗ್ಗಿದ ಮನೆಗಳ ಲೆಕ್ಕ ಹೀಗಿದೆ. ಲಸಿಕೆ ಪಡೆದವರು 71 ಮಂದಿ. ಅವರಲ್ಲಿ 8 ಜನರಿಗೆ ಕಾಯಿಲೆ ಬಂತು, 3 ಜನ ಸತ್ತರು. ಲಸಿಕೆ ಪಡೆಯದವರು 64 ಮಂದಿ. ಅವರಲ್ಲಿ 27 ಜನರಿಗೆ ಕಾಯಿಲೆ ಬಂತು, 26 ಜನ ಸತ್ತರು.

ಈ ಎರಡು ಸಾಲಿನ ಅಂಕಿಗಳನ್ನು ಇನ್ನೊಮ್ಮೆ ಓದಿ. ಲಸಿಕೆ ಕೆಲಸ ಮಾಡುತ್ತೆ ಅಂತ ಜಗತ್ತಿಗೆ ತೋರಿಸಿದ್ದು ಬದುಕುಳಿದವರು ಮಾತ್ರ ಅಲ್ಲ. ಆ 26 ಜನರೂ ಹೌದು. ಅವರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ.

ಈ ಪ್ರಯೋಗದ ಹಿಂದೆ ಇದ್ದವನು ವಾಲ್ಡೆಮಾರ್ ಹಾಫ್ಕಿನ್. 1860ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡುವಾಗ ಕಾಲರಾ ಲಸಿಕೆ ತಯಾರಿಸಿ, 1892ರ ಜುಲೈ 18ರಂದು ಅದನ್ನು ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಭಾರತಕ್ಕೆ ಬಂದ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಾಗ ಸರ್ಕಾರ ಅವನನ್ನು ಅಲ್ಲಿಗೆ ಕಳಿಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ ಕೂತು ಕೆಲವೇ ತಿಂಗಳಲ್ಲಿ ಲಸಿಕೆ ಸಿದ್ಧಮಾಡಿದ. 1897ರ ಜನವರಿ 10ರಂದು ಮತ್ತೆ ಮೊದಲ ಸೂಜಿ ತನ್ನ ಮೈಗೇ. ಜ್ವರ ಬಂತು, ನೋವು ಬಂತು, ಇಳಿಯಿತು.

ಅದೇ ತಿಂಗಳು ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಕೈದಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಲಸಿಕೆಗೆ ಮುಂದೆ ಬಂದರು. ಅವರಲ್ಲಿ ಆಮೇಲೆ ಕಾಯಿಲೆ ಕಡಿಮೆ ಕಂಡಿತು. ಆದರೆ ಒಂದು ತಕರಾರು ಉಳಿಯಿತು. ತಾವಾಗಿ ಮುಂದೆ ಬಂದವರು ಮೊದಲೇ ಗಟ್ಟಿಮುಟ್ಟಾಗಿದ್ದವರು ಇರಬಹುದಲ್ವಾ? ಹಾಗಾಗಿ 1898ರಲ್ಲಿ ಉಮರಖಾಡಿ ಜೈಲಿನಲ್ಲಿ ಕೈದಿಗಳನ್ನು ಸಾಲಾಗಿ ಕೂರಿಸಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ಚುಚ್ಚಿದರು. ಉಂಧೇರಾದಲ್ಲಿ ಪ್ರತಿ ಮನೆಯನ್ನೂ ಎರಡು ಪಾಲು ಮಾಡಿದ್ದು ಇದೇ ಕಾರಣಕ್ಕೆ.

ಇಂಜಿನಿಯರಿಂಗ್ ಲ್ಯಾಬ್‌ನಲ್ಲಿ ನಮಗೆ ಕಲಿಸಿದ ಮೊದಲ ಪಾಠ ಏನಂದ್ರೆ, ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ, ಉಳಿದದ್ದನ್ನೆಲ್ಲ ಹಾಗೇ ಇಡಿ. ಹಾಫ್ಕಿನ್ ಮಾಡಿದ್ದೂ ಅದನ್ನೇ. ಅದೇ ಊಟ, ಅದೇ ಗಾಳಿ, ಅದೇ ಇಲಿ. ಲಸಿಕೆ ಮಾತ್ರ ಬೇರೆ. ವ್ಯತ್ಯಾಸ ಇಷ್ಟೇ, ಲ್ಯಾಬ್‌ನಲ್ಲಿ ನಮ್ಮ ಮುಂದೆ ಇದ್ದದ್ದು ಮೋಟಾರು. ಅಲ್ಲಿ ಇದ್ದದ್ದು ಮನುಷ್ಯರು.

ಆ ಲಸಿಕೆಯಲ್ಲಿ ಏನಿತ್ತು? ಪ್ಲೇಗ್ ರೋಗಾಣುಗಳನ್ನು ಸಾರಿನಂಥ ದ್ರವದಲ್ಲಿ ಬೆಳೆಸಿ, ಬಿಸಿ ಮಾಡಿ ಕೊಂದದ್ದು. ಸತ್ತ ರೋಗಾಣುವನ್ನು ನೋಡಿದ ದೇಹ ಅದರ ಗುರುತು ಇಟ್ಟುಕೊಳ್ಳುತ್ತೆ. ನಾಳೆ ಜೀವಂತ ರೋಗಾಣು ಬಂದರೆ ಹೊಡೆಯೋಕೆ ಪ್ರತಿಕಾಯಗಳು ತಯಾರಾಗಿರುತ್ತವೆ. ಇವತ್ತಾದ್ರೆ ಸ್ವಯಂಸೇವಕರ ತೋಳಿನಿಂದ ರಕ್ತ ತೆಗೆದು, ಪ್ರತಿಕಾಯ ಎಷ್ಟಿದೆ ಅಂತ ಲ್ಯಾಬ್‌ನಲ್ಲಿ ಅಳೆಯಬಹುದು. ಮೊದಲ ಎರಡು ಹಂತದ ಲಸಿಕೆ ಟ್ರಯಲ್‌ಗಳಲ್ಲಿ ಮುಖ್ಯವಾಗಿ ನೋಡೋದು ಸುರಕ್ಷತೆ ಮತ್ತು ಈ ರೋಗನಿರೋಧಕ ಪ್ರತಿಕ್ರಿಯೆಯನ್ನೇ. ಉಂಧೇರಾದಲ್ಲಿ ಇದ್ದ ಅಳತೆಗೋಲು ಒಂದೇ. ಹೆಣ ಎಣಿಸುವುದು.

ಈ ಕಥೆಯ ಒಂದು ಅಧ್ಯಾಯ ನಮ್ಮ ಹುಬ್ಬಳ್ಳಿಯಲ್ಲಿದೆ. ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ಹುಬ್ಬಳ್ಳಿಗೆ 1898ರಲ್ಲಿ ಪ್ಲೇಗ್ ಬಡಿಯಿತು. ಲ್ಯೂಮನ್ ಎಂಬ ಸೇನಾ ವೈದ್ಯನ ನೇತೃತ್ವದಲ್ಲಿ ಹತ್ತಾರು ಸಾವಿರ ಮಂದಿಗೆ ಹಾಫ್ಕಿನ್ ಲಸಿಕೆ ಹಾಕಿದರು. ಹುಬ್ಬಳ್ಳಿಯ ಅಂಕಿಅಂಶ ಲಂಡನ್‌ವರೆಗೂ ಚರ್ಚೆಯಾಯಿತು. ಅದೇ ವರ್ಷ ಬೆಂಗಳೂರಿಗೂ ಪ್ಲೇಗ್ ಬಂತು. ಊರು ಬಿಟ್ಟು ಓಡಿದ ನಮ್ಮ ಹಿರಿಯರು ಪ್ಲೇಗಮ್ಮನಿಗೆ ಗುಡಿ ಕಟ್ಟಿ ಕೈಮುಗಿದರು. ಸೂಜಿ ಒಂದು ಕಡೆ, ಗುಡಿ ಒಂದು ಕಡೆ. ಜೀವಭಯ ಎರಡೂ ಕಡೆ ಒಂದೇ.

ಇಷ್ಟು ಜನ ಮನಸಾರೆ ತೋಳು ಚಾಚಿದರಾ? ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದ ಮೇಲೆ ಅಧಿಕಾರಿಗಳು ಮನೆಗೆ ನುಗ್ಗಬಹುದಿತ್ತು, ಜನರನ್ನು ಕ್ಯಾಂಪಿಗೆ ಸಾಗಿಸಬಹುದಿತ್ತು. ಪುಣೆಯಲ್ಲಿ ಆ ದಬ್ಬಾಳಿಕೆಗೆ ಸಿಟ್ಟೆದ್ದ ಚಾಪೇಕರ್ ಸಹೋದರರು ಅದೇ ವರ್ಷದ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್‌ಗೆ ಗುಂಡು ಹೊಡೆದರು. ಲಸಿಕೆ ಹಾಕಿಸಿಕೊಂಡವರಿಗೆ ಸರ್ಟಿಫಿಕೇಟ್ ಸಿಗುತ್ತಿತ್ತು, ಅದಿದ್ದರೆ ನಿರ್ಬಂಧಗಳಲ್ಲಿ ರಿಯಾಯಿತಿ ಸಿಗುತ್ತಿತ್ತು. ಕ್ಯಾಂಪು ಬೇಕಾ, ಸೂಜಿ ಬೇಕಾ ಅಂತ ಕೇಳಿದರೆ ಅದು ಒಪ್ಪಿಗೆ ಅನ್ನಿಸಿಕೊಳ್ಳುತ್ತಾ? ಜೈಲಿನೊಳಗೆ ಕೂತ ಕೈದಿಯ ‘ಹೂಂ’ಗೆ ಎಷ್ಟು ಬೆಲೆ?

1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಒಂದೇ ಸೀಸೆಯಿಂದ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಗೂಬೆ ಕೂತದ್ದು ಹಾಫ್ಕಿನ್ ತಲೆ ಮೇಲೆ. ಕೆಲಸದಿಂದ ಅಮಾನತಾದ. ಸೀಸೆ ತೆರೆದ ಸಹಾಯಕ ನೆಲಕ್ಕೆ ಬಿದ್ದ ಚಿಮುಟವನ್ನು ಸರಿಯಾಗಿ ಶುದ್ಧ ಮಾಡದೇ ಬಳಸಿದ್ದ ಎಂಬ ಸಂಗತಿ ದಾಖಲೆಯಲ್ಲೇ ಇತ್ತು. ಆದರೂ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಪತ್ರಿಕೆಯಲ್ಲಿ ದನಿ ಎತ್ತಿ, ಅವನ ಮೇಲಿನ ಆರೋಪ ತೊಳೆದುಹೋಗಲು 1907 ಬರಬೇಕಾಯಿತು. 1925ರಲ್ಲಿ ಮುಂಬೈನ ಪ್ಲೇಗ್ ಪ್ರಯೋಗಾಲಯಕ್ಕೆ ಅವನ ಹೆಸರನ್ನೇ ಇಟ್ಟರು. ವಿಜ್ಞಾನಿಗೆ ತಡವಾಗಿಯಾದರೂ ನ್ಯಾಯ ಸಿಕ್ಕಿತು. ಆ 19 ಮಂದಿಗೆ?

ಇದೆಲ್ಲ ಬ್ರಿಟಿಷರ ಕಾಲ, ಈಗ ಹಾಗಿಲ್ಲ ಬಿಡಿ ಅಂತೀರಾ? 2009ಕ್ಕೆ ಬನ್ನಿ. ಗರ್ಭಕಂಠ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ನಡೆಯಿತು. ಹೌದು, ಅದೇ ಬರೋಡಾ. 2010ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ವರದಿಯಾದ ಹೆಣ್ಣುಮಕ್ಕಳ ಸಾವಿಗೂ ಲಸಿಕೆಗೂ ಸಂಬಂಧ ಇದೆ ಎಂದು ತನಿಖೆಯಲ್ಲಿ ಕಂಡುಬರಲಿಲ್ಲ. ಲಸಿಕೆ ಒಳ್ಳೆಯದೇ, ಇವತ್ತು ಜಗತ್ತಿನ ಎಷ್ಟೋ ದೇಶಗಳು ಕೊಡುತ್ತಿವೆ. ಆದರೆ ಆಂಧ್ರದಲ್ಲಿ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ್ದು ಅಪ್ಪ ಅಮ್ಮ ಅಲ್ಲ, ಹಾಸ್ಟೆಲ್ ವಾರ್ಡನ್‌ಗಳು. ನನ್ನ ತಕರಾರು ಇರೋದು ಇಲ್ಲಿ. ಒಳ್ಳೆಯ ಔಷಧಿ, ಕೆಟ್ಟ ಒಪ್ಪಿಗೆಯನ್ನು ಒಳ್ಳೆಯದು ಮಾಡೋದಿಲ್ಲ.

ಕಾನೂನು ಈಗ ಬಿಗಿಯಾಗಿದೆ. 2009ರ ಜೂನ್ 15ರಿಂದ ದೇಶದ ಪ್ರತಿ ಕ್ಲಿನಿಕಲ್ ಟ್ರಯಲ್ ಸಾರ್ವಜನಿಕ ನೋಂದಣಿಯಲ್ಲಿ ಇರಲೇಬೇಕು. 2019ರ ಹೊಸ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಅನುಮತಿ ಬೇಕು. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಗೆ ಬರುವ ಹಕ್ಕು ನಿಮ್ಮದು.

ಹಾಗಾಗಿ ನಾಳೆ ಯಾರಾದರೂ ನಿಮ್ಮನ್ನು ಟ್ರಯಲ್‌ಗೆ ಕರೆದರೆ ಹೆದರಿ ಓಡಬೇಡಿ, ಕಣ್ಣು ಮುಚ್ಚಿ ಸಹಿಯೂ ಹಾಕಬೇಡಿ. ಪತ್ರವನ್ನು ಕನ್ನಡದಲ್ಲಿ ಕೊಡಿ ಅನ್ನಿ. ನನಗೆ ನಿಜವಾದ ಲಸಿಕೆ ಸಿಗದೇ ಇರಬಹುದಾ ಅಂತ ಕೇಳಿ. ಎಷ್ಟು ಸಲ ರಕ್ತ ತೆಗೀತೀರಿ, ತೊಂದರೆಯಾದರೆ ನಡುರಾತ್ರಿ ಯಾರಿಗೆ ಫೋನ್ ಮಾಡಲಿ ಅಂತ ಕೇಳಿ. ಸಮಾಧಾನವಾದರೆ ಸೇರಿ. ಕೋವ್ಯಾಕ್ಸಿನ್‌ನ ಮೂರನೇ ಹಂತಕ್ಕೆ 25,800 ಭಾರತೀಯರು ಹಾಗೆ ಸೇರಿದ್ದರು. ನಾವು ಸ್ಟುಡಿಯೋಗಳಲ್ಲಿ ಕೂತು ಲಸಿಕೆ ಬೇಕಾ ಬೇಡ್ವಾ ಅಂತ ಕೂಗಾಡುತ್ತಿದ್ದಾಗ, ಅವರು ಸದ್ದಿಲ್ಲದೆ ತೋಳು ಚಾಚಿದ್ದರು.

ಉಂಧೇರಾದ 64 ಜನಕ್ಕೆ ಈ ಪ್ರಶ್ನೆಗಳನ್ನು ಕೇಳುವ ಅವಕಾಶ ಇರಲಿಲ್ಲ. ನಮಗಿದೆ. ಕೇಳೋಣ.