ಆಟಿಕೆ ರೈಲು ಮತ್ತು ಅದರ ಬ್ಯಾಟರಿ

1835ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಬ್ರ್ಯಾಂಡನ್ ಎಂಬ ಊರಿನ ಕಮ್ಮಾರ ಥಾಮಸ್ ಡೇವನ್‌ಪೋರ್ಟನು, ತಾನೇ ನಿರ್ಮಿಸಿದ ವಿದ್ಯುತ್ ಮೋಟಾರೊಂದನ್ನು ಪುಟ್ಟ ವರ್ತುಲಾಕಾರದ ಹಳಿಯ ಮೇಲೆ ಓಡಿಸಿ ತೋರಿಸಿದಾಗ, ಆ ಯಂತ್ರಕ್ಕೆ ಚಾಲನಶಕ್ತಿಯನ್ನು ಒದಗಿಸಿದುದು ಬ್ಯಾಟರಿಯೇ; ಆ ಕಾಲದಲ್ಲಿ ವಿದ್ಯುತ್ಪ್ರವಾಹಕ್ಕೆ ಕಾರ್ಯಯೋಗ್ಯವಾದ ಅನ್ಯಮೂಲವಿರಲಿಲ್ಲ. ಅಲ್ಲಿಂದ ಇತ್ತಲಿನ ಮಾದರಿ ರೈಲುಗಳ ಚರಿತ್ರೆಯನ್ನು ಅವಲೋಕಿಸುವಾಗ ಎಂಜಿನ್ನುಗಳ ರೂಪವೈಭವಕ್ಕಿಂತಲೂ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆಯುವುದು ಈ ಬ್ಯಾಟರಿಯ ಗತಿ: ಹಳಿಯ ಪಕ್ಕದಲ್ಲಿದ್ದ ಅದು ಒಮ್ಮೆ ಆಟದಿಂದಲೇ ಉಚ್ಚಾಟಿತವಾಗಿ, ಬಹುಕಾಲದ ಬಳಿಕ ಆಡುವವನ ಕೈಯೊಳಗಿನ ರಿಮೋಟಿನಲ್ಲಿ ಮರಳಿ ನೆಲೆಗೊಂಡಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಸಿನ್ಸಿನಾಟಿಯ ಕಾರ್ಲೈಲ್ ಅಂಡ್ ಫಿಂಚ್ ಸಂಸ್ಥೆಯವರೂ, 1901ರಲ್ಲಿ ನ್ಯೂಯಾರ್ಕಿನ ಜೋಷುವಾ ಲಯೊನೆಲ್ ಕೋವೆನ್ನನೂ ವಿದ್ಯುತ್ ರೈಲುಗಳನ್ನು ಮಾರಾಟಕ್ಕೆ ತಂದರು. ಕೋವೆನ್ನನ ಮೊದಲ ಬಂಡಿ ಮಕ್ಕಳಿಗಾಗಿ ಸಿದ್ಧವಾದುದಲ್ಲ. ಅಂಗಡಿಯ ಗಾಜಿನ ಕಿಟಕಿಯೊಳಗೆ ಸುತ್ತುತ್ತ ದಾರಿಹೋಕರ ಗಮನವನ್ನು ಸೆಳೆಯುವುದೇ ಅದರ ಉದ್ದೇಶವಾಗಿದ್ದಿತು. ಆದರೆ ಗಿರಾಕಿಗಳು ಉಳಿದ ಸರಕನ್ನು ಬಿಟ್ಟು ಬಂಡಿಯನ್ನೇ ಕೇಳತೊಡಗಿದರು. ಅಂದಿನ ಮನೆಗಳಲ್ಲಿ ಬಹುಪಾಲಿಗೆ ವಿದ್ಯುತ್ ಸಂಪರ್ಕವಿರಲಿಲ್ಲವಾಗಿ, ಒಣಕೋಶಗಳನ್ನೋ ಆಮ್ಲ ತುಂಬಿದ ಜಾಡಿಗಳನ್ನೋ ಹಳಿಯ ಬದಿಗೆ ಇರಿಸಬೇಕಾಗುತ್ತಿತ್ತು. ಅವುಗಳೊಳಗಿನ ಸತುವು ಕರಗಿದಂತೆಲ್ಲ ಬಂಡಿಯ ವೇಗ ಕುಗ್ಗಿ, ಕಡೆಗೆ ಅದು ತಿರುವಿನಲ್ಲಿಯೇ ನಿಂತುಬಿಡುವುದು. ಬಟ್ಟೆಯನ್ನೂ ಚರ್ಮವನ್ನೂ ಸುಡುವ ಆಮ್ಲವನ್ನು ಮಕ್ಕಳ ಆಟದ ಕೋಣೆಯಲ್ಲಿ ಇಡುವುದಕ್ಕಿಂತ ಅಪಾಯಕರವಾದ ವ್ಯವಸ್ಥೆಯನ್ನು ಊಹಿಸುವುದು ಕಷ್ಟ. ಆದುದರಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಗೃಹವಿದ್ಯುತ್ತಿನ ಒತ್ತಡವನ್ನು ಕೆಲವೇ ವೋಲ್ಟುಗಳಿಗೆ ಇಳಿಸುವ ಟ್ರಾನ್ಸ್‌ಫಾರ್ಮರು ಬಂದುದನ್ನು ಈ ಹವ್ಯಾಸಕ್ಕಾದ ಪರಮೋಪಕಾರವೆಂದೇ ನಾನು ಎಣಿಸುತ್ತೇನೆ.

ನಿಯಂತ್ರಣದ ಕಥೆ ಬೇರೊಂದು ಹಾದಿಯಲ್ಲಿ ಸಾಗಿತು. 1946ರಲ್ಲಿ ಕೋವೆನ್ನನ ಲಯೊನೆಲ್ ಸಂಸ್ಥೆ ಹಳಿಯ ಮೂಲಕವೇ ರೇಡಿಯೊ ತರಂಗಗಳನ್ನು ಹರಿಯಿಸಿ ಬಂಡಿಗಳಿಗೆ ಆಜ್ಞೆ ಕೊಡುವ ಏರ್ಪಾಡನ್ನು ಹೊರತಂದು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. 1990ರ ದಶಕದ ಮಧ್ಯದಲ್ಲಿ ಅದೇ ಸಂಸ್ಥೆ ಪ್ರಚುರಪಡಿಸಿದ ತಂತಿರಹಿತ ರಿಮೋಟಿನ ಹಿಂದೆ ಗಾಯಕ ನೀಲ್ ಯಂಗ್ ಅವರ ಶ್ರಮವಿದ್ದಿತು. ಮೆದುಳಿನ ಪಾರ್ಶ್ವವಾಯುವಿನಿಂದ ಬಳಲುವ ಮಗನೂ ತನ್ನೊಡನೆ ರೈಲು ಓಡಿಸಬೇಕೆಂಬ ತಂದೆಯ ಹಂಬಲವೇ ಆ ಶ್ರಮಕ್ಕೆ ಪ್ರೇರಣೆ. ತಂತಿ ಕಡಿದುಹೋಯಿತು, ಆದರೆ ರಿಮೋಟಿನ ಬೆನ್ನಿನ ಮುಚ್ಚಳ ತೆರೆದರೆ ಅಲ್ಲಿದ್ದುವು ನಾಲ್ಕು ಪೆನ್‌ಸೆಲ್ಲುಗಳು.

ಇಲ್ಲಿಯೇ ವಿಚಿತ್ರವಾದ ವಿಪರ್ಯಾಸವೊಂದು ಒದಗಿತು. ಕೋವೆನ್ನನ ಕಾಲದಲ್ಲಿ ಬ್ಯಾಟರಿ ಸೋತರೆ ರೈಲು ನಿಲ್ಲುತ್ತಿತ್ತು. ಈಗಲಾದರೋ ಶಕ್ತಿ ಹಳಿಯಿಂದಲೇ ಬರುವುದರಿಂದ, ರಿಮೋಟಿನ ಬ್ಯಾಟರಿ ಸೋತಾಗ ಎಂಜಿನ್ನು ಕಡೆಯದಾಗಿ ಕೇಳಿದ ಆಜ್ಞೆಯನ್ನೇ ಪಾಲಿಸುತ್ತ ಓಡುತ್ತಲೇ ಇರುವುದು, ಟ್ರಾನ್ಸ್‌ಫಾರ್ಮರಿನ ಬಳಿಗೆ ಧಾವಿಸಿ ಅದನ್ನು ನಿಲ್ಲಿಸಬೇಕಾಗುವುದು.

ಈ ಸೋಲಿನ ಕಾರಣವನ್ನು ಅರಿಯದೆ ಅನೇಕರು ಅದನ್ನು ರಿಮೋಟಿನ ದೋಷವೆಂದೇ ಭಾವಿಸಿದರು. ಸಾಧಾರಣ ಕ್ಷಾರೀಯ ಸೆಲ್ಲು 1.5 ವೋಲ್ಟು ಕೊಡುವುದು; ಅದರ ಬದಲಿಗೆ ಹಾಕುವ, ಮರಳಿ ಚಾರ್ಜು ಮಾಡಬಹುದಾದ ಕೋಶಗಳಲ್ಲಿ 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಕಂಡುಹಿಡಿದ ನಿಕ್ಕಲ್-ಕ್ಯಾಡ್ಮಿಯಂ ಕೋಶವಾಗಲಿ, ಅನಂತರ ಬಂದ ನಿಕ್ಕಲ್-ಮೆಟಲ್ ಹೈಡ್ರೈಡ್ ಕೋಶವಾಗಲಿ, ಕೊಡುವುದು 1.2 ವೋಲ್ಟು ಮಾತ್ರ. ನಾಲ್ಕು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದಾಗ 6 ವೋಲ್ಟಿನ ಬದಲು 4.8 ವೋಲ್ಟಷ್ಟೇ ದೊರೆತು, ಪೂರ್ಣವಾಗಿ ಚಾರ್ಜು ಆದ ಸೆಲ್ಲುಗಳನ್ನೂ ಉಪಕರಣವು ಖಾಲಿಯೆಂದು ಬಗೆಯಬಹುದು. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು: ಕ್ಷಾರೀಯ ಸೆಲ್ಲಿನ ಒತ್ತಡ ಮೆಲ್ಲಮೆಲ್ಲನೆ ಇಳಿಯುತ್ತ ಮುನ್ಸೂಚನೆ ನೀಡಿದರೆ, ನಿಕ್ಕಲ್ ಸೆಲ್ಲು ಕೊನೆಯವರೆಗೂ ಸಮನಾಗಿ ನಿಂತು ತಟ್ಟನೆ ಕುಸಿಯುವುದು, ಆ ಗಳಿಗೆಯಲ್ಲಿ ಸಾಲಿನಲ್ಲಿರುವ ದುರ್ಬಲ ಸೆಲ್ಲೊಂದರ ಧ್ರುವಗಳನ್ನು ಉಳಿದ ಮೂರು ತಿರುಗಿಸಿಬಿಟ್ಟರೆ ಅದಕ್ಕೆ ಶಾಶ್ವತವಾದ ಹಾನಿ. ಹಳೆಯ ಅಗ್ಗದ ಚಾರ್ಜರುಗಳೋ, ಹದಿನಾಲ್ಕು ಹದಿನಾರು ಗಂಟೆಗಳ ಮಂದಪ್ರವಾಹವನ್ನು ಬಲ್ಲುವೇ ಹೊರತು ಸೆಲ್ಲು ತುಂಬಿತೆಂಬುದನ್ನು ತಿಳಿಯುತ್ತಿರಲಿಲ್ಲ. ದಿನಗಟ್ಟಲೆ ಅವುಗಳಲ್ಲಿಯೇ ಬಿಟ್ಟ ಸೆಲ್ಲುಗಳು ಬಿಸಿಯಾಗಿ ಸತ್ತ್ವಹೀನವಾದುವು.

ಪಾಶ್ಚಾತ್ಯರಲ್ಲಿ ಈ ರೈಲುಗಳು ಬಹುಮಟ್ಟಿಗೆ ಕ್ರಿಸ್ಮಸ್ ಮರದಡಿಯ ಅಲಂಕಾರ. ವರ್ಷದಲ್ಲಿ ಕೆಲವು ವಾರ ಮೆರೆದು, ಉಳಿದ ತಿಂಗಳುಗಳನ್ನು ಪೆಟ್ಟಿಗೆಯಲ್ಲಿ ಕಳೆಯುವ ರಿಮೋಟಿನೊಳಗೆ ಮೊದಲಿನ ಹೈಡ್ರೈಡ್ ಸೆಲ್ಲುಗಳು ತಾವಾಗಿಯೇ ಬರಿದಾಗುತ್ತಿದ್ದುವು. ಡಿಸೆಂಬರಿನಲ್ಲಿ ಹೊರತೆಗೆದು ಚಾರ್ಜರಿನಲ್ಲಿಟ್ಟರೆ, ಒತ್ತಡ ತೀರ ಇಳಿದಿದ್ದ ಸೆಲ್ಲನ್ನು ಹೊಸ ಬಗೆಯ ಜಾಣ ಚಾರ್ಜರು ಕೆಟ್ಟದ್ದೆಂದು ತೀರ್ಮಾನಿಸಿ ಮುಟ್ಟಲೇ ಒಲ್ಲದು. ಹಾಗೆಂದು ಕ್ಷಾರೀಯ ಸೆಲ್ಲುಗಳನ್ನು ಬಿಟ್ಟಿದ್ದರೆ, ಅವು ಸೋರಿ ಸ್ಪ್ರಿಂಗುಗಳ ಮೇಲೆ ಬಿಳಿಯ ಹರಳು ಕಟ್ಟಿ ಲೋಹವನ್ನೇ ತಿನ್ನುತ್ತಿದ್ದುವು. ಜಪಾನಿನ ಸಾನ್ಯೊ ಸಂಸ್ಥೆ 2005ರಲ್ಲಿ, ತುಂಬಿದ ಶಕ್ತಿಯ ಬಹುಭಾಗವನ್ನು ವರ್ಷವಾದರೂ ಕಾಪಾಡಿಕೊಳ್ಳುವ ಎನೆಲೂಪ್ ಸೆಲ್ಲನ್ನು ಹೊರತಂದ ಮೇಲೆ, ಪೆಟ್ಟಿಗೆಯಿಂದ ತೆಗೆದ ದಿನವೇ ರಿಮೋಟು ಮಾತು ಕೇಳುವ ಸೌಕರ್ಯ ಈ ಹವ್ಯಾಸಿಗಳಿಗೆ ಲಭಿಸಿತು.