ಅಟ್ಟವಿಲ್ಲದ ಹೊಸ ಮನೆ

ಹೊಸ ಮನೆಗೆ ಹೋದವರಿಗೆ ಹಳೆಯ ಮನೆಯ ಗೂಡು, ಅಟ್ಟಗಳ ಬೆಲೆ ತಿಳಿಯುವುದು ಸಾಮಾನು ಇಡಲು ಹೊರಟಾಗಲೇ. 2013ರ ಜುಲೈನಲ್ಲಿ ಒಪೆರಾ ಬ್ರೌಸರಿನ 15ನೇ ಆವೃತ್ತಿಗೆ ಬಂದವರಿಗೂ ಹಾಗೆಯೇ ಆಯಿತು. ಹೆಸರು ಅದೇ, ಕೆಂಪು ‘ಓ’ ಗುರುತೂ ಅದೇ. ಆದರೆ ವರ್ಷಗಟ್ಟಲೆ ಕೂಡಿಟ್ಟ ಬುಕ್‌ಮಾರ್ಕ್‌ಗಳನ್ನು ಹಿಂದಿನಂತೆ ಜೋಡಿಸಿಡಲು ಅಲ್ಲಿ ಜಾಗವೇ ಇರಲಿಲ್ಲ!

ಒಪೆರಾ ನಾರ್ವೆಯ ಕೂಸು. ಅಲ್ಲಿನ ದೂರವಾಣಿ ಸಂಸ್ಥೆಯಲ್ಲಿ 1994ರಲ್ಲಿ ಯೋನ್ ಫಾನ್ ಟೆಟ್ಸ್ನರ್ ಮತ್ತು ಗೈರ್ ಇವರ್ಸಾಯ್ ಇದರ ಕೆಲಸ ಆರಂಭಿಸಿದರು. ಮರುವರ್ಷ ಸ್ವಂತ ಕಂಪನಿ ಕಟ್ಟಿದರು. ಒಂದೇ ಕಿಟಕಿಯೊಳಗೆ ಹಲವು ಪುಟಗಳನ್ನು ತೆರೆಯುವುದು, ಮೌಸನ್ನು ಒತ್ತಿ ಎಳೆದರೆ ಹಿಂದಿನ ಪುಟಕ್ಕೆ ಮರಳುವುದು, ಬ್ರೌಸರಿನಲ್ಲೇ ಅಂಚೆ ಓದುವುದು, ಟಿಪ್ಪಣಿ ಬರೆದಿಡುವುದು - ಇವೆಲ್ಲ ಅದರ ಬಳಕೆದಾರರ ಕೈಗೆ ಒಗ್ಗಿಹೋಗಿದ್ದವು.

ಹಾಗಾದರೆ ಇವನ್ನೇಕೆ ಬಿಡಬೇಕಾಯಿತು? ಉತ್ತರ ತಳಪಾಯದಲ್ಲಿದೆ. ತಾಣದ ಸಂಕೇತಗಳನ್ನು ಓದಿ ಪುಟವಾಗಿ ಮೂಡಿಸುವ ಭಾಗಕ್ಕೆ ಎಂಜಿನ್ ಎನ್ನುತ್ತಾರೆ. 2003ರಿಂದ ಒಪೆರಾ ಬಳಸುತ್ತಿದ್ದ ಪ್ರೆಸ್ಟೊ ಎಂಜಿನ್ ಅದರದೇ ಸ್ವಂತದ್ದು. ಆದರೆ ತಾಣ ಕಟ್ಟುವವರು ದೊಡ್ಡ ಬ್ರೌಸರುಗಳಲ್ಲಿ ಮಾತ್ರ ಪರೀಕ್ಷಿಸಿ ಸುಮ್ಮನಾಗುತ್ತಿದ್ದರು. ಒಪೆರಾದಲ್ಲಿ ಪುಟ ಕೆಟ್ಟು ಕಂಡರೆ ದೂರು ಬರುತ್ತಿದ್ದುದು ಒಪೆರಾದ ಮೇಲೆ. ಕೊನೆಗೆ 2013ರ ಫೆಬ್ರವರಿಯಲ್ಲಿ, ತನಗೆ 30 ಕೋಟಿ ಬಳಕೆದಾರರಿದ್ದಾರೆ ಎಂದು ಸಾರಿದ ದಿನವೇ, ಕಂಪನಿ ಸ್ವಂತ ಎಂಜಿನ್ ಬಿಡುವುದಾಗಿಯೂ ಹೇಳಿತು. ಆರಿಸಿಕೊಂಡದ್ದು ಗೂಗಲ್‌ನ ಕ್ರೋಮಿಯಂ ತಳಪಾಯವನ್ನು. ತಳಪಾಯ ಬದಲಾದ ಮೇಲೆ ಹಳೆಯ ಗೋಡೆಗಳು ನಿಲ್ಲಲಾರವು. ಒಂದೊಂದು ಸೌಕರ್ಯವನ್ನೂ ಹೊಸದಾಗಿ ಕಟ್ಟಬೇಕಿತ್ತು.

ಹಲವರು 12ನೇ ಆವೃತ್ತಿಯಲ್ಲೇ ಉಳಿದರು. ಆದರೆ ಹೊಸ ತಾಣಗಳು ಅದರಲ್ಲಿ ಸರಿಯಾಗಿ ಮೂಡದಾದವು. ಬುಕ್‌ಮಾರ್ಕ್ ವ್ಯವಸ್ಥೆ ಒಪೆರಾಕ್ಕೆ ಮರಳಿದ್ದು 2014ರಲ್ಲಿ. ಅಷ್ಟರಲ್ಲಿ, 2011ರಲ್ಲೇ ಕಂಪನಿ ಬಿಟ್ಟಿದ್ದ ಟೆಟ್ಸ್ನರ್, ಮುನಿದ ಬಳಗಕ್ಕಾಗಿ ವಿವಾಲ್ಡಿ ಎಂಬ ಬ್ರೌಸರನ್ನು ಕಟ್ಟತೊಡಗಿದ್ದರು. ಅದರ ಮೊದಲ ಪೂರ್ಣ ಆವೃತ್ತಿ 2016ರಲ್ಲಿ ಹೊರಬಂತು. ಅಂಚೆಯ ಸೌಕರ್ಯ ಪೂರ್ಣರೂಪಕ್ಕೆ ಬಂದದ್ದು 2022ರಲ್ಲಿ.

ಕನ್ನಡಿಗರಿಗೂ ಪ್ರೆಸ್ಟೊದ ಋಣವುಂಟು. ಆ ಎಂಜಿನ್ ಒಪೆರಾ ಮಿನಿಯ ಸರ್ವರುಗಳಲ್ಲಿ ದುಡಿಯುತ್ತಿತ್ತು. ಪುಟವನ್ನು ಅಲ್ಲೇ ಸಿದ್ಧಪಡಿಸಿ, ಕುಗ್ಗಿಸಿ ಮೊಬೈಲಿಗೆ ಕಳಿಸುವುದು ಅದರ ಕ್ರಮ. ಜಟಿಲ ಲಿಪಿಗಳನ್ನು ಚಿತ್ರವಾಗಿ ಕಳಿಸುವ ಆಯ್ಕೆಯೂ ಅದರಲ್ಲಿತ್ತು. ಕನ್ನಡ ಅಕ್ಷರಗಳಿಲ್ಲದ ಅಗ್ಗದ ಮೊಬೈಲುಗಳಲ್ಲಿ ಕನ್ನಡ ಓದಲು ಅದೇ ದಾರಿಯಾಗಿತ್ತು.

ವಿವಾಲ್ಡಿಯಲ್ಲಿ ಅಟ್ಟ, ಗೂಡುಗಳೆಲ್ಲ ಮರಳಿದವು, ನಿಜ. ಆದರೆ ಅದು ನಿಂತಿರುವುದೂ ಕ್ರೋಮಿಯಂ ತಳಪಾಯದ ಮೇಲೆಯೇ. ಬೇರೆ ಎಂಜಿನ್ ಉಳಿಸಿಕೊಂಡ ಹೆಸರಾಂತ ಬ್ರೌಸರುಗಳೆಂದರೆ ಫೈರ್‌ಫಾಕ್ಸ್ ಮತ್ತು ಸಫಾರಿ ಮಾತ್ರ. ಬಳಕೆದಾರರು ಬುಕ್‌ಮಾರ್ಕ್‌ಗಳಿಗಾಗಿ ಅತ್ತರು, ಅವು ಬಂದವು. ಹೋದ ಎಂಜಿನ್ ಮಾತ್ರ ಬರಲಿಲ್ಲ.